ಅಮೆರಿಕದ ಕಪ್ಪು ಮಹಿಳೆಯರಿಗೆ ಪ್ರೀತಿಸಿದವನ ಮುಂದೆ 'ಆಗಲ್ಲ' ಅನ್ನುವುದು ಯಾಕೆ ಅಷ್ಟು ಕಷ್ಟ?

ದೊಡ್ಡ ಕಾರಣ 'ನೀನು ಗಟ್ಟಿಗಿತ್ತಿ' ಎಂಬ ಹೊಗಳಿಕೆ. ಎಲ್ಲರ ಕಥೆಯೂ ಹೀಗೇ ಅಂತಲ್ಲ. ಆದರೆ ಅನೇಕರಿಗೆ ಚಿಕ್ಕಂದಿನಿಂದ ಮೆಚ್ಚುಗೆ ಸಿಗುವುದೇ ಸಹಿಸಿಕೊಂಡಿದ್ದಕ್ಕೆ, ಎಲ್ಲರನ್ನೂ ಸಂಭಾಳಿಸಿದ್ದಕ್ಕೆ. ಗುಲಾಮಗಿರಿಯ ಕಾಲದಲ್ಲಿ ಬದುಕಿ ಉಳಿಯಲು ಆ ಗಟ್ಟಿತನ ಬೇಕಿತ್ತು. 2010ರಲ್ಲಿ ಸಂಶೋಧಕಿ ಶೆರಿಲ್ ವುಡ್ಸ್-ಜಿಸ್ಕೊಂಬೆ ಇದನ್ನು 'ಸೂಪರ್‌ವುಮನ್ ಸ್ಕೀಮಾ' ಎಂದು ಕರೆದರು. ಅಂದರೆ ನೋವು ತೋರಿಸಬಾರದು, ಯಾರ ಮೇಲೂ ಒರಗಬಾರದು, ಬೇರೆಯವರೇ ಮೊದಲು ಎಂಬ ಮನಸ್ಸಿನ ಕಟ್ಟು.

ಇಬ್ಬರ ನಡುವೆ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಕಷ್ಟ ತೋರಿಸದವಳಿಗೆ ಕಷ್ಟವೇ ಇಲ್ಲ ಅಂತ ಸಂಗಾತಿ ಅಂದುಕೊಳ್ಳುತ್ತಾನೆ. ಇನ್ನೂ ಜಾಸ್ತಿ ಕೇಳುತ್ತಾನೆ. ಅವಳು ಕೊಡುತ್ತಾಳೆ. ಕೊನೆಗೊಮ್ಮೆ ದನಿ ಎತ್ತಿದರೆ 'ಕಪ್ಪು ಹೆಂಗಸರಿಗೆ ಯಾವಾಗಲೂ ಸಿಟ್ಟು' ಎಂಬ ಹಳೇ ಹಣೆಪಟ್ಟಿ ಕಾದಿರುತ್ತದೆ. ಸುಮ್ನಿರುವುದೇ ವಾಸಿ ಅನ್ನಿಸುತ್ತೆ, ಅಲ್ವಾ?

ಗಡಿ ಹಾಕುವುದು ಅಂದರೆ ತಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಅಂತ ಹೇಳುವುದು. 'ನೀನು ಬೇಜವಾಬ್ದಾರಿ' ಅಂದರೆ ಜಗಳ. 'ಮುಂದಿನ ತಿಂಗಳಿಂದ ನಿನ್ನ ಕಾರಿನ ಕಂತು ನಾನು ಕಟ್ಟಲ್ಲ' ಅಂದರೆ ಗಡಿ. ಹೇಳಿದ ಮೇಲೆ ಏನೋ ತಪ್ಪು ಮಾಡಿದಂಥ ಕಸಿವಿಸಿ ಆಗುತ್ತದೆ. ಹಳೇ ಅಭ್ಯಾಸದ ಕಾಟ ಅದು. ಒಬ್ಬರೇ ದಾಟಲಾಗದಿದ್ದರೆ, 'ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್' ಜಾಲತಾಣದಲ್ಲಿ ಈ ಹಿನ್ನೆಲೆ ಬಲ್ಲ ಆಪ್ತ ಸಮಾಲೋಚಕರ ಪಟ್ಟಿ ಇದೆ.

ಹೊಡೆಯುವ, ಹೆದರಿಸುವ ಸಂಗಾತಿಯ ಜೊತೆ ಮಾತ್ರ ಈ ಮಾತುಕತೆ ನಡೆಯಲ್ಲ. ಅಲ್ಲಿ ಮೊದಲು ಸುರಕ್ಷಿತ ಜಾಗ ನೋಡಿಕೊಳ್ಳಬೇಕು.