ಜರ್ಮನ್ ಬಿ.ಎ. ಆಯ್ತು, ಕೆಲಸ ಎಲ್ಲಿ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವಳು. ಹೈದರಾಬಾದಿನ ಇಫ್ಲುವಿನಲ್ಲಿ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಜರ್ಮನ್ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಭಾಷೆಯ ಜೊತೆ ಯುರೋಪಿನ ಸಾಹಿತ್ಯ, ಚರಿತ್ರೆಯನ್ನೂ ಕಲಿತಿದ್ದೇನೆ. ರಜೆಗೆ ಊರಿಗೆ ಬಂದರೆ ಎಲ್ಲರದ್ದೂ ಒಂದೇ ಮಾತು: ‘ನರ್ಸಿಂಗ್ ಮಾಡಿದ್ದರೆ ಜರ್ಮನಿಗೇ ಹೋಗಬಹುದಿತ್ತು.’ ಭಾಷೆ ಓದಿದವರಿಗೆ ನಿಜವಾಗಿ ಕೆಲಸ ಇದೆಯಾ? ಬೆಂಗಳೂರಿಗೇ ಹೋಗಬೇಕಾ?

ಉತ್ತರ: ಕೆಲಸ ಇದೆ. ಆದರೆ ಭಾಷೆ ಒಂದನ್ನೇ ಹಿಡಿದುಕೊಂಡು ಹೋದರೆ ಸಿಗುವುದು ಕಷ್ಟ. ಜರ್ಮನ್ ಜೊತೆ ಇನ್ನೊಂದು ವಿಷಯ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಲೆಕ್ಕಪತ್ರವಾಗಲಿ, ಯಂತ್ರವಾಗಲಿ, ಪಾಠ ಹೇಳುವುದಾಗಲಿ, ಯಾವುದಾದರೂ ಸರಿ. ನಮ್ಮ ಊರಿನವರಿಗೆ ಆ ಎರಡನೆಯದು ಎಷ್ಟೋ ಸಲ ಮನೆಯಲ್ಲೇ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೆಂಗಳೂರು. ಬಾಷ್, ಎಸ್‌ಎಪಿ, ಮರ್ಸಿಡಿಸ್-ಬೆಂಜ್ ಎಲ್ಲದರ ದೊಡ್ಡ ಕಚೇರಿಗಳು ಅಲ್ಲಿವೆ. ಜರ್ಮನ್ ಕಂಪನಿಗಳ ಕೆಲಸ ಮಾಡಿಕೊಡುವ ಸಣ್ಣ ಕಂಪನಿಗಳೂ ಇವೆ. ಭಾಷೆ ಗೊತ್ತಿದ್ದವರಿಗೆ ಅಲ್ಲಿ ಸಿಗುವುದು ಹೆಚ್ಚಾಗಿ ಬಿಲ್ಲು, ಖರೀದಿ, ಗ್ರಾಹಕರ ದೂರುಗಳ ಕೆಲಸ. ಜರ್ಮನಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಹಾಗಾಗಿ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವ ಪಾಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಾನು ಅಲ್ಲಿ ಪಂಪು, ಕವಾಟಗಳ ಕೈಪಿಡಿ ಅನುವಾದ ಮಾಡುತ್ತಿದ್ದೆ. ಈಗ ಆ ಕೆಲಸದ ಮೊದಲ ಕರಡನ್ನು ಯಂತ್ರವೇ ಮಾಡಿಕೊಡುತ್ತದೆ, ತಿದ್ದುವವರಿಗೆ ಪದಕ್ಕೆ ಸಿಗುವ ದರ ಇಳಿದಿದೆ. ವಿಷಯ ಗೊತ್ತಿದ್ದು ತಿದ್ದುವವರಿಗೆ ಮಾತ್ರ ಬೇಡಿಕೆ ಹೋಗಿಲ್ಲ. ಯಾವ ನಟ್ಟು ಮೊದಲು ಬಿಗಿಯಬೇಕು ಎಂದು ಗೊತ್ತಿಲ್ಲದವರು ಕರಡಿನ ತಪ್ಪನ್ನು ಹಿಡಿಯುವುದು ಹೇಗೆ?

ಇನ್ನು ನರ್ಸಿಂಗ್ ಮಾತು. ಊರವರ ಆ ಮಾತೇ ನಿಮಗೆ ಕೆಲಸ ಕೊಡಬಹುದು. ಹೊರದೇಶದಲ್ಲಿರುವ ಕೇರಳದವರಿಗಾಗಿ ಇರುವ ಸರಕಾರಿ ಸಂಸ್ಥೆ ನೋರ್ಕಾ ರೂಟ್ಸ್ 2021ರ ಕೊನೆಗೆ ಜರ್ಮನಿಯ ಜೊತೆ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದಲ್ಲಿ ನರ್ಸ್‌ಗಳು ಇಲ್ಲಿಯೇ ಬಿ1 ಎಂಬ ಮಧ್ಯಮ ಹಂತದ ತನಕ ಜರ್ಮನ್ ಕಲಿಯುತ್ತಾರೆ, ಅಲ್ಲಿಗೆ ಹೋಗಿ ಅದರ ಮೇಲಿನ ಬಿ2 ಮುಗಿಸುತ್ತಾರೆ. ಇವರಿಗೆ ಕಲಿಸುವವರು ಯಾರು? ನಾನೀಗ ಕುಂಬಳೆಯಲ್ಲಿ ಮಾಡುತ್ತಿರುವುದು ಇದನ್ನೇ. ಪಾಳಿ ಬದಲಾಗುವಾಗ ಮುಂದಿನ ನರ್ಸ್‌ಗೆ ರೋಗಿಯ ಸ್ಥಿತಿ ಹೇಳುವ ಅಭ್ಯಾಸ ಮಾಡಿಸುತ್ತೇನೆ: ‘ನೋವಿದ್ದುದರಿಂದ ರಾತ್ರಿ ನಿದ್ದೆ ಮಾಡಿಲ್ಲ, ಬಿ.ಪಿ. ಜಾಸ್ತಿ ಇದೆ, ಸೂಪ್ ಅರ್ಧ ಕುಡಿದಿದ್ದಾರೆ.’ ಕಾರಣ ಹೇಳುವ ಇಂಥ ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷಿನ ಮೂಲಕ ಕಲಿತ ಹುಡುಗಿಯರು ಇಲ್ಲಿ ತಡವರಿಸುತ್ತಾರೆ. ‘ಕನ್ನಡದಲ್ಲಿ, ಮಲಯಾಳದಲ್ಲಿ ಹೇಳುವ ಹಾಗೆಯೇ ಕೊನೆಗೆ ಇಡಿ’ ಎಂದರೆ ಮುಖ ಅರಳುತ್ತದೆ. ನಿಮ್ಮ ತುಳು, ಕನ್ನಡ, ಮಲಯಾಳ ಎಲ್ಲ ಕ್ಲಾಸಿನಲ್ಲಿ ಹೀಗೆ ಕೆಲಸಕ್ಕೆ ಬರುತ್ತವೆ. ಪಾಠ ಹೇಳಲು ಮನಸ್ಸಿದ್ದರೆ ಡಿಗ್ರಿ ಸಾಕು ಅಂದುಕೊಳ್ಳಬೇಡಿ, ಬಿ2ಕ್ಕಿಂತ ಮೇಲಿನ ಸಿ1 ಪರೀಕ್ಷೆ ಪಾಸು ಮಾಡಿಕೊಳ್ಳಿ. ಗೋಯೆಥೆ ಸಂಸ್ಥೆಯ ಡಿಎಲ್‌ಎಲ್ ಎಂಬ ಶಿಕ್ಷಕರ ತರಬೇತಿಯೂ ಇದೆ. ಕಾಲೇಜು ಬೇಕೆಂದರೆ ಎಂ.ಎ. ಮುಗಿಸಿ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಬರೆಯಬೇಕು. ಜರ್ಮನ್ ಕೂಡ ನೆಟ್ ವಿಷಯವೇ.

ಈಗ ನನಗೆ ತುಂಬ ಇಷ್ಟವಾದ ದಾರಿ, ಹಳೆಯ ಜರ್ಮನ್ ಕಾಗದಪತ್ರ ಓದುವ ಕೆಲಸ. ಗುಂಡರ್ಟ್‌ರ ಮಲಯಾಳ ನಿಘಂಟು 1872, ಮ್ಯಾನರ್ ಅವರ ತುಳು ನಿಘಂಟು 1886, ಕಿಟ್ಟೆಲ್‌ರ ಕನ್ನಡ ನಿಘಂಟು 1894. ಮೂರೂ ಮಾಡಿದವರು ಜರ್ಮನ್ ಮಾತಿನ ಮಿಷನರಿಗಳು, ಮೂರೂ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ನೀವು ಮನೆ, ಶಾಲೆ, ಪೇಟೆಗಳಲ್ಲಿ ಆಡುವ ಮೂರೂ ಭಾಷೆ ಅಲ್ಲಿವೆ! ಆ ಮಿಷನರಿಗಳ ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಾಶಿಯಾಗಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲೂ ಸಂಗ್ರಹವಿದೆ. ಗುಂಡರ್ಟ್‌ರ ಕಾಗದಪತ್ರ, ಪುಸ್ತಕಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿವೆ. ಅಲ್ಲಿನವರು ಅವನ್ನು ಸ್ಕ್ಯಾನ್ ಮಾಡಿ 2018ರಲ್ಲಿ ಎಲ್ಲರಿಗೂ ತೆರೆದಿಟ್ಟರು.

ಪತ್ರಗಳ ಕೈಬರಹ ಮಾತ್ರ ಹಳೆಯ ಕುರೆಂಟ್. ಅದರಲ್ಲಿ ಸಣ್ಣ ‘ಇ’ (e) ನೋಡಲು ‘ಎನ್’ (n) ತರಹವೇ ಇರುತ್ತದೆ. ‘ಯು’ (u) ಕೂಡ ಹಾಗೆಯೇ ಕಾಣುವುದರಿಂದ ಅದರ ತಲೆಯ ಮೇಲೆ ಒಂದು ಕೊಕ್ಕೆ ಹಾಕುತ್ತಿದ್ದರು. ಈಗಿನ ಜರ್ಮನರಿಗೇ ಹೆಚ್ಚಿನವರಿಗೆ ಇದು ಓದಲು ಬರುವುದಿಲ್ಲ. ಅಭ್ಯಾಸದಿಂದ ಕಲಿಯಬಹುದು, ಕಲಿಯಿರಿ. ಕುರೆಂಟ್ ಓದುತ್ತಾ, ನಡುವೆ ಬರುವ ತುಳು ಊರಿನ ಹೆಸರನ್ನೂ ಮಲಯಾಳ ಮನೆಹೆಸರನ್ನೂ ಗುರುತಿಸಬಲ್ಲವರು ಎಷ್ಟು ಜನ ಇದ್ದಾರೆ ಹೇಳಿ? ಸಂಶೋಧನೆ, ಆರ್ಕೈವ್ಸ್, ಡಿಜಿಟಲ್ ಗ್ರಂಥಾಲಯ, ಇಲ್ಲೆಲ್ಲ ನಿಮ್ಮ ಜಾಗ ಇದೆ. ಸಂಬಳ ಬೆಂಗಳೂರಿನಷ್ಟು ಬೇಗ ಏರುವುದಿಲ್ಲ, ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಜರ್ಮನಿಗೆ ಓದಲು ಹೋಗುವುದಾದರೆ ಅಲ್ಲಿನ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ ಕೊಡುವ ವಿದ್ಯಾರ್ಥಿವೇತನ ನೋಡಿ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಹೆಚ್ಚಿನ ಕಡೆ ಇಲ್ಲ. ಆದರೆ ಟ್ಯೂಬಿಂಗೆನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ ಇದೆ. ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಏಜೆಂಟರ ಮಾತು ಕೇಳಿ ಸುಮ್ನೆ ದುಡ್ಡು ಕಟ್ಟುವ ಮೊದಲು ಈ ಲೆಕ್ಕ ನೀವೇ ಮಾಡಿ.

ಬೇಕಲದ ಹೋಟೆಲುಗಳ ಬಗ್ಗೆ ಕೆಲವರು ಹೇಳಬಹುದು. ವಿದೇಶಿಯರು ಬರುವ ಸೀಸನ್ ಚಿಕ್ಕದು. ಜೊತೆಗೆ ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ, ಅದನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಮಗ ಫ್ರೆಂಚ್ ಬಿ.ಎ. ಮಾಡಿದ್ದಾನೆ, ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ ಬಿ2 ಹಂತ ಪಾಸಾಗಿದ್ದಾನೆ. ಕೆನಡಾಕ್ಕೆ ವಲಸೆ ಹೋಗಲು ಇದು ಸಾಕಾ? (ಉಪ್ಪಳದ ಓದುಗರು)

ಉತ್ತರ: ಸಾಲದು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆ ಬೇರೆಯೇ ಆಯ್ಕೆ ಸುತ್ತುಗಳು ನಡೆಯುತ್ತಿರುವುದು ನಿಜ. ಆದರೆ ಅಲ್ಲಿ ಒಪ್ಪುವುದು ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯ ಅಂಕಗಳನ್ನು. ಡೆಲ್ಫ್ ಸರ್ಟಿಫಿಕೇಟಿಗೆ ಜೀವಮಾನವಿಡೀ ಬೆಲೆ ಇದೆ, ಆದರೆ ಆ ಅರ್ಜಿಗೆ ಅದು ನಡೆಯುವುದಿಲ್ಲ. ಟೆಫ್ ಅಂಕಗಳು ಎರಡು ವರ್ಷಕ್ಕೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಡಿಗ್ರಿಯ ಮೌಲ್ಯಮಾಪನ, ಇಂಗ್ಲಿಷ್ ಪರೀಕ್ಷೆಯ ತಯಾರಿ ಎಲ್ಲ ಒಂದು ಹಂತಕ್ಕೆ ಬಂದ ಮೇಲೆ ಟೆಫ್ ಬರೆಯಲಿ.