ಆಟದಂಗಳ ಪ್ರಶ್ನೋತ್ತರ: ವಿದೇಶಿ ಆಟಗಾರ ಬದಲಾದಾಗ ಗೆಲುವು ಯಾರದು?

ಪ್ರಶ್ನೆ: ನಮ್ಮದು ಕೌಟುಂಬಿಕ ಹಾಕಿ ನೋಡುತ್ತಾ ಬೆಳೆದ ಊರು. ಇಲ್ಲಿ ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಹೆಸರಿನಲ್ಲಿ ಆಡುವವರು ಆ ಒಕ್ಕದವರೇ ಆಗಿರಬೇಕು. ಮನಿಲಾದಲ್ಲಿ ನೌಕರಿಯಲ್ಲಿರುವ ನನ್ನ ಮಗ ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಬಗ್ಗೆ ಹೇಳುತ್ತಿರುತ್ತಾನೆ. ಒಂದೇ ವರ್ಷದಲ್ಲಿ ಒಂದು ತಂಡಕ್ಕೆ ಇಬ್ಬರು ಮೂವರು ವಿದೇಶಿಯರು ಬಂದುಹೋಗುತ್ತಾರಂತೆ. ಹೊರಗಿನವರನ್ನು ಕರೆತಂದು ಗೆದ್ದರೆ ಆ ಗೆಲುವು ಯಾರದು?
– ಓದುಗರು, ನಾಪೋಕ್ಲು

ಉತ್ತರ: 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ಕಂಡವರಿಗೆ ಈ ಪ್ರಶ್ನೆ ಏಳುವುದು ಸಹಜ. ಆದರೆ ಫಿಲಿಪ್ಪೀನ್ಸ್‌ನ ಲೀಗಿನ ರಚನೆಯೇ ಬೇರೆ. 1975ರಲ್ಲಿ ಹುಟ್ಟಿದ ಆ ಲೀಗ್ ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್. ಅದರ ಒಂದು ಋತುವಿನಲ್ಲಿ ಸಾಮಾನ್ಯವಾಗಿ ಮೂರು ಪ್ರತ್ಯೇಕ ಪಂದ್ಯಾವಳಿಗಳಿದ್ದು, ಪ್ರತಿಯೊಂದಕ್ಕೂ ಪ್ರತ್ಯೇಕ ಚಾಂಪಿಯನ್ ಇರುತ್ತದೆ. ಫಿಲಿಪ್ಪೀನ್ ಕಪ್‌ನಲ್ಲಿ ವಿದೇಶಿಯರಿಗೆ ಪ್ರವೇಶವೇ ಇಲ್ಲ. ಕಮಿಷನರ್ಸ್ ಕಪ್ ಮತ್ತು ಗವರ್ನರ್ಸ್ ಕಪ್‌ಗಳಲ್ಲಿ ತಂಡಗಳು ವಿದೇಶಿ ಆಟಗಾರನನ್ನು ಕರೆತರಬಹುದು. ಅಲ್ಲಿಯವರು ಅವನನ್ನು ‘ಇಂಪೋರ್ಟ್’ ಎನ್ನುತ್ತಾರೆ. ಈ ಎರಡು ಕಪ್‌ಗಳಿಗೆ ಇಂಪೋರ್ಟ್‌ನ ಎತ್ತರದ ಮಿತಿ ಬೇರೆ ಬೇರೆಯಾಗಿ ನಿಗದಿಯಾಗುವುದರಿಂದ ಒಂದರಲ್ಲಿ ಆಡಿದ ಎತ್ತರದ ಸೆಂಟರ್ (ಬುಟ್ಟಿಯ ಬಳಿ ಆಡುವವನು) ಇನ್ನೊಂದಕ್ಕೆ ಅರ್ಹನಾಗದೇ ಇರಬಹುದು. ಹಾಗಾಗಿ ನಿಮ್ಮ ಮಗ ಕಂಡ ಬದಲಾವಣೆಗಳಲ್ಲಿ ಕೆಲವು ನಿಯಮದಿಂದಲೇ ಆದವು. ಆಟಗಾರ ಸೋತನೆಂದೋ ತಂಡ ಅವನನ್ನು ಕೈಬಿಟ್ಟಿತೆಂದೋ ಅವುಗಳಿಗೆ ಅರ್ಥ ಹಚ್ಚಬೇಕಾಗಿಲ್ಲ.

ಪಂದ್ಯಾವಳಿಯ ನಡುವೆಯೇ ಆಗುವ ಬದಲಾವಣೆಯ ಕಥೆ ಬೇರೆ, ಗೆಲುವು ಯಾರದು ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. 2016ರ ಗವರ್ನರ್ಸ್ ಕಪ್‌ಗೆ ಬರಾಂಗೆ ಜಿನೆಬ್ರಾ ತಂಡ ಪಾಲ್ ಹ್ಯಾರಿಸ್ ಎಂಬ ಅಮೆರಿಕನ್ನನನ್ನು ಕರೆತಂದಿತ್ತು. ಆತ ಆರಂಭದಲ್ಲೇ ಗಾಯಗೊಂಡ. ಅವಸರದಲ್ಲಿ ಬದಲಿಯಾಗಿ ಬಂದವರು ಜಸ್ಟಿನ್ ಬ್ರೌನ್ಲಿ. ಆ ಹೆಸರನ್ನು ಕೇಳಿದ್ದವರು ಅಲ್ಲಿ ಹೆಚ್ಚಿರಲಿಲ್ಲ. ಮೆರಾಲ್ಕೊ ತಂಡದ ವಿರುದ್ಧದ ಫೈನಲ್ ಸರಣಿಯ ಆರನೆಯ ಪಂದ್ಯ ಸಮಬಲದಲ್ಲಿದ್ದಾಗ, ಕೊನೆಯ ಕ್ಷಣದಲ್ಲಿ ಅವರು ದೂರದಿಂದ ಎಸೆದ ಮೂರು ಅಂಕಗಳ ಚೆಂಡು ಬುಟ್ಟಿಯೊಳಗಿಳಿದು, ಎಂಟು ವರ್ಷಗಳಿಂದ ಪ್ರಶಸ್ತಿಯಿಲ್ಲದೆ ಸೊರಗಿದ್ದ ತಂಡಕ್ಕೆ ಕಪ್ ತಂದುಕೊಟ್ಟಿತು. ಅಭಿಮಾನಿಗಳಿಗೆ ನೆನಪಿರುವುದು ಆ ಒಂದು ಎಸೆತ. ನಾನು ಮಾತ್ರ ಅದಕ್ಕೆ ಹಿಂದಿನ ವಾರಗಳನ್ನೇ ದೊಡ್ಡದೆಂದು ಎಣಿಸುತ್ತೇನೆ. ಹೊಸಬ ಬಂದ ದಿನದಿಂದ ತಂಡದ ಲೆಕ್ಕಾಚಾರವೆಲ್ಲ ಹೊಸದಾಗುತ್ತದೆ. ಎತ್ತರದವನು ಎದುರಾಳಿಗೆ ಅಡ್ಡ ನಿಂತು ದಾರಿ ಮಾಡಿಕೊಟ್ಟು, ಮರುಗಳಿಗೆಯಲ್ಲೇ ಬುಟ್ಟಿಯ ಕಡೆಗೆ ತಿರುಗಿ ಓಡುವಾಗ, ಆಟ ನಡೆಸುವ ಪಾಯಿಂಟ್ ಗಾರ್ಡ್ ಅರ್ಧ ಸೆಕೆಂಡು ತಡಮಾಡಿ ಪಾಸ್ ಕೊಟ್ಟರೂ ಚೆಂಡು ಎದುರಾಳಿಯ ಪಾಲಾಗುತ್ತದೆ. ಆ ಹೊಂದಾಣಿಕೆ ಅಭ್ಯಾಸದಿಂದಲ್ಲದೆ ಬೇರೆ ಯಾವುದರಿಂದಲೂ ಬರುವುದಿಲ್ಲ. ಅದನ್ನು ಹೊಸಬನೊಂದಿಗೆ ಮತ್ತೆ ಮೊದಲಿನಿಂದ ಕಟ್ಟಿದವರು ಕೋಚ್ ಟಿಮ್ ಕೋನ್ ಮತ್ತು ಗಾರ್ಡ್ ಎಲ್.ಎ. ಟೆನೋರಿಯೊ ಅವರಂತಹ ಸ್ಥಳೀಯ ಆಟಗಾರರು. ವಿದೇಶಿಯನ್ನು ಬದಲಿಸಿದ ಮೇಲೂ ತಂಡ ಕುಸಿಯದೆ ನಿಂತಿತೆಂದರೆ ಉಳಿದ ನಾಲ್ವರು ಗಟ್ಟಿಯಾಗಿದ್ದಾರೆಂದೇ ಅರ್ಥ. ಆದ್ದರಿಂದ ಆ ಕಪ್‌ನಲ್ಲಿ ಅವರ ಪಾಲು ಬ್ರೌನ್ಲಿ ಪಾಲಿಗಿಂತ ಕಡಿಮೆಯದಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಬದಲಿಯಾಗಿ ಬಂದ ಬ್ರೌನ್ಲಿ ಅಲ್ಲೇ ನೆಲೆಯೂರಿದರು. 2023ರಲ್ಲಿ ಫಿಲಿಪ್ಪೀನ್ಸ್‌ನ ಪೌರತ್ವ ಪಡೆದು, ಅದೇ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದರು. ಸೆಮಿಫೈನಲ್‌ನಲ್ಲಿ ಚೀನಾದ ವಿರುದ್ಧ 20 ಅಂಕಗಳಷ್ಟು ಹಿಂದೆ ಬಿದ್ದಿದ್ದ ತಂಡವನ್ನು ದಡ ಸೇರಿಸಿದ್ದು ಕೊನೆಯ ನಿಮಿಷದಲ್ಲಿ ಅವರು ಗಳಿಸಿದ ಮೂರು ಅಂಕಗಳ ಎರಡು ಬುಟ್ಟಿಗಳು. 1962ರ ನಂತರ ಫಿಲಿಪ್ಪೀನ್ಸ್‌ಗೆ ಈ ಕೂಟದ ಬಾಸ್ಕೆಟ್‌ಬಾಲ್ ಚಿನ್ನ ಸಿಕ್ಕಿದ್ದು ಆಗಲೇ. ಹೊರಗಿನವರು ಸದಾ ಹೊರಗಿನವರಾಗಿಯೇ ಉಳಿಯುತ್ತಾರೆಂದು ಹೇಳಲಾಗದು.

ಪ್ರಶ್ನೆ: ಋತುವಿನ ನಡುವೆ ಹೊಸ ಆಟಗಾರ ಅಷ್ಟು ಬೇಗ ಹೇಗೆ ಸಿಗುತ್ತಾನೆ? ಕಳುಹಿಸಲ್ಪಟ್ಟವನ ಗತಿಯೇನು?
– ಓದುಗರು, ಮಡಿಕೇರಿ

ಉತ್ತರ: ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿರುವುದು 30 ತಂಡಗಳು, ತಂಡಕ್ಕೆ ಸಾಮಾನ್ಯವಾಗಿ 15 ಆಟಗಾರರು, ಅಂದರೆ ಜಗತ್ತಿಗೆಲ್ಲ ಸುಮಾರು 450 ಸ್ಥಾನಗಳು. ಅಮೆರಿಕದ ಕಾಲೇಜುಗಳಿಂದ ಹೊರಬರುವ ಪ್ರತಿಭಾವಂತರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ಉಳಿದವರು ಯುರೋಪ್, ಚೀನಾ, ಜಪಾನ್, ಫಿಲಿಪ್ಪೀನ್ಸ್ ಎಂದು ಅಲೆಯುತ್ತಾರೆ, ಅವರಲ್ಲಿ ಯಾರಾದರೊಬ್ಬರು ಕರೆಗಾಗಿ ಕಾಯುತ್ತಲೇ ಇರುತ್ತಾರೆ. ದೇಶದಿಂದ ದೇಶಕ್ಕೆ ತಂಡ ಬದಲಿಸುವವರಿಗೆ ಹಿಂದಿನ ದೇಶದ ಒಕ್ಕೂಟ ನೀಡುವ ಅನುಮತಿ ಪತ್ರ ಕಡ್ಡಾಯ.

ಕಳುಹಿಸಲ್ಪಟ್ಟವರ ಬಗ್ಗೆ ನೀವು ಕೇಳಿದ್ದು ನನಗೆ ಸಮಾಧಾನ ತಂದಿತು, ಏಕೆಂದರೆ ಆ ಮಾತನ್ನು ಎತ್ತುವವರು ಕಡಿಮೆ. ಒಂದೆರಡು ಪಂದ್ಯಗಳಲ್ಲಿ ಕೈಕೊಟ್ಟರೆ ಸಾಕು, ಬೇರೆ ಊರು, ಬೇರೆ ಊಟ, ಪ್ರಯಾಣದ ಆಯಾಸ ಇವೊಂದನ್ನೂ ಲೆಕ್ಕಿಸದೆ ತಂಡಗಳು ಮರಳಿ ಕಳುಹಿಸಿಬಿಡುವುದುಂಟು. ಸಂಬಳ ಬಾಕಿ ಉಳಿಸಿಕೊಳ್ಳುವ ತಂಡಗಳೂ ಇವೆ. ಇಂತಹ ವ್ಯಾಜ್ಯಗಳಿಗಾಗಿ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 2007ರಲ್ಲಿ ಪ್ರತ್ಯೇಕ ನ್ಯಾಯಮಂಡಳಿಯನ್ನೇ ಸ್ಥಾಪಿಸಬೇಕಾಯಿತು.

ಪ್ರಶ್ನೆ: ನಾನು ಕಾಲೇಜು ತಂಡದ ಆಟಗಾರ್ತಿ. ಭಾರತದ ಲೀಗುಗಳಿಗೂ ವಿದೇಶಿಯರು ಬಂದರೆ ನಮ್ಮವರ ಅವಕಾಶ ಕಡಿಮೆಯಾಗುವುದಿಲ್ಲವೇ?
– ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ಸಂಖ್ಯೆಗೆ ಮಿತಿ ಇಲ್ಲದಿದ್ದರೆ ಖಂಡಿತ ಕಡಿಮೆಯಾಗುತ್ತದೆ. ಅಂಕಣದಲ್ಲಿರುವುದು ಐವರು, ಪಂದ್ಯ 40 ನಿಮಿಷ. ಎತ್ತರದ ಸ್ಥಾನಗಳೆರಡನ್ನೂ ವಿದೇಶಿಯರೇ ಹಿಡಿದರೆ ನಮ್ಮ ಸೆಂಟರ್‌ಗಳು ಬೆಂಚಿನಲ್ಲೇ ಬೆಳೆಯಬೇಕಾಗುತ್ತದೆ. ಆದರೆ ತಂಡಕ್ಕೆ ಒಬ್ಬರು ಎಂಬ ನಿಯಮ, ಜೊತೆಗೆ ವಿದೇಶಿಯರಿಲ್ಲದ ಒಂದು ಪಂದ್ಯಾವಳಿ ಇದ್ದರೆ ಲಾಭವೇ ಹೆಚ್ಚು. ಕೊಡಗಿನಲ್ಲಿ ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. 2013ರಲ್ಲಿ ಆರಂಭವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ನಮ್ಮ ವಿ.ಆರ್. ರಘುನಾಥ್ ಮತ್ತು ಎಸ್.ವಿ. ಸುನಿಲ್ ಹೊರದೇಶಗಳ ಶ್ರೇಷ್ಠ ಆಟಗಾರರ ಜೊತೆಗೂ ಎದುರಿಗೂ ಆಡಿದರು. ನಿಮ್ಮ ಆಟದಲ್ಲೂ ಭರವಸೆಗೆ ಕಾರಣವಿದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಝಾಕಿಸ್ತಾನವನ್ನು ಮಣಿಸಿತ್ತು.

ಪ್ರಶ್ನೆ: ಹೊಸ ವಿದೇಶಿ ಆಟಗಾರ ತಂಡಕ್ಕೆ ಹೊಂದಿಕೊಂಡನೇ ಎಂದು ನೋಡುಗರು ಗುರುತಿಸುವುದು ಹೇಗೆ?
– ದೈಹಿಕ ಶಿಕ್ಷಣ ಶಿಕ್ಷಕರು, ಕುಶಾಲನಗರ

ಉತ್ತರ: ಮೊದಲ ಕೆಲವು ಪಂದ್ಯಗಳಲ್ಲಿ ಆತ ಗಳಿಸಿದ ಅಂಕಗಳನ್ನು ಬದಿಗಿಡಿ. ಪರಿಣತ ಆಟಗಾರ ಒಬ್ಬನೇ ಚೆಂಡು ಹಿಡಿದು ಅಂಕ ಗಳಿಸಬಲ್ಲ, ತಂಡವೂ ಸೋಲಬಲ್ಲದು. ರಕ್ಷಣೆಯನ್ನು ಗಮನಿಸಿ. ಜೊತೆಗಾರನನ್ನು ಎದುರಾಳಿ ದಾಟಿ ಬಂದಾಗ ಆತ ತನ್ನವನನ್ನು ಬಿಟ್ಟು ನೆರವಿಗೆ ಓಡುತ್ತಾನೆಯೇ, ಹಾಗೆ ಓಡಿದಾಗ ಖಾಲಿಯಾದ ಜಾಗಕ್ಕೆ ಇನ್ನೊಬ್ಬ ಕೂಗಿಲ್ಲದೆಯೇ ಬಂದು ನಿಲ್ಲುತ್ತಾನೆಯೇ ಎಂದು ನೋಡಿ. ಬುಟ್ಟಿಗೆ ಎಸೆಯಲು ತಂಡಕ್ಕಿರುವ 24 ಸೆಕೆಂಡುಗಳ ಗಡಿಯಾರ ಮುಗಿಯುತ್ತಾ ಬಂದಾಗ ಚೆಂಡು ಪ್ರತಿಸಲವೂ ವಿದೇಶಿಯ ಕೈಗೇ ಹೋಗುತ್ತಿದ್ದರೆ ಸ್ಥಳೀಯರಿಗೆ ಇನ್ನೂ ತಮ್ಮ ಮೇಲೆ ನಂಬಿಕೆ ಬಂದಿಲ್ಲ. ನಿಮ್ಮ ಶಾಲೆಯ ಮಕ್ಕಳಿಗೆ ಪಂದ್ಯ ತೋರಿಸುವಾಗ ಚೆಂಡಿನಿಂದ ಕಣ್ಣು ತೆಗೆದು, ಚೆಂಡಿಲ್ಲದ ನಾಲ್ವರನ್ನು ಒಂದು ಕ್ವಾರ್ಟರ್ ಪೂರ್ತಿ ನೋಡಲು ಹೇಳಿ.