ಬೀಗ ಹಾಕಿದರೆ ಉಳಿಯುತ್ತದೆಯೇ?

ಕಲಬುರಗಿಯ ಓದುಗರೊಬ್ಬರು ಎರಡು ಪುಟ ತುಂಬ ಸಿಟ್ಟು ಬರೆದು ಕಳುಹಿಸಿದ್ದಾರೆ. ಬೀದರ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯೊಳಗೆ ಜಾತ್ರೆಯ ಜನ ದೀಪ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ, ಹೊಗೆಗೆ ಒಳಗಿನ ಬಣ್ಣದ ಚಿತ್ರಗಳು ಮಾಸುತ್ತಿವೆ. ಭಕ್ತರನ್ನು ಅಂಗಳದಲ್ಲೇ ತಡೆದು ಒಳಬಾಗಿಲಿಗೆ ಬೀಗ ಜಡಿಯಬೇಕು ಎಂಬುದು ಅವರ ಒತ್ತಾಯ.

ಹೊಗೆಯ ಮಾತು ನಿಜ, ದೀಪ ಹೊರಗಿರಲಿ. ಬೀಗದ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮಾನ್ಯರೇ, ನಿಮ್ಮೂರಿನಿಂದ ರಾಜಧಾನಿಯನ್ನೇ ಬೀದರಿಗೆ ಎತ್ತಿಕೊಂಡು ಹೋದ ದೊರೆ ಆತ (ಆ ಮುನಿಸು ಕಲಬುರಗಿಯವರಿಗೆ ಇನ್ನೂ ಇಳಿದಿಲ್ಲವೇನೋ). ತೀರಿಕೊಂಡದ್ದು 1436ರಲ್ಲಿ. ಬರಗಾಲದಲ್ಲಿ ಪ್ರಾರ್ಥಿಸಿ ಮಳೆ ತರಿಸಿದನೆಂದು ಜನ ವಲಿ, ಅಂದರೆ ಸಂತ ಎಂದರು. ಲಿಂಗಾಯತ ಭಕ್ತರಿಗೆ ಆತ ಅಲ್ಲಮಪ್ರಭುವಿನ ಅವತಾರ. ಹೋಳಿಯ ನಂತರ ನಡೆಯುವ ಜಾತ್ರೆಗೆ ನಿಮ್ಮದೇ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬರುತ್ತಾರೆ, ಸುಲ್ತಾನನ ಗೋರಿಯ ಮುಂದೆ ಶಂಖ ಊದುತ್ತಾರೆ. ಇವರನ್ನು ಅಂಗಳದಲ್ಲೇ ನಿಲ್ಲಿಸುವವರು ಯಾರು? ನೀವೇ?

ಒಳಗಿನ ಕತ್ತಲಲ್ಲಿ ಕಾವಲುಗಾರರು ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದಾಗ ಕೆಂಪು, ನೀಲಿ, ಬಂಗಾರದ ಬಣ್ಣಗಳು ಎದ್ದು ಬರುತ್ತವೆ. ಇಷ್ಟು ವರ್ಷಗಳ ಜಾತ್ರೆಯ ನಂತರವೂ ಬರುತ್ತವೆ. ಅದೇ ಸಾಲಿನಲ್ಲಿ ಅದೇ ವಂಶದ ಹುಮಾಯೂನ್ ಶಾನ ಗೋರಿಯಿದೆ. ಕ್ರೂರಿ ಎಂದು ಹೆಸರಾದ ಆತನಿಗೆ ಯಾರೂ ಹರಕೆ ಹೊರಲಿಲ್ಲ. ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಮಾತ್ರ ನಿಂತಿದೆ. ಸಿಡಿಲಿಗೂ ಭಕ್ತಿಗೂ ಸಂಬಂಧವಿಲ್ಲ ಎನ್ನುತ್ತೀರಿ, ಬಲ್ಲೆ. ಹಾಗಾದರೆ ಬೀದರಿನಲ್ಲೇ ಇರುವ, ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಮದರಸಾ ನೋಡಿ. 1472ರ ಹೊತ್ತಿಗೆ ಎದ್ದ ಮೂರಂತಸ್ತಿನ ವಿದ್ಯಾಲಯವನ್ನು ಹುಡುಗರು ಕೆಡಿಸಲಿಲ್ಲ. ಮೊಗಲರ ಕಾಲದಲ್ಲಿ ಸೈನ್ಯ ಒಳಸೇರಿ ಸಿಡಿಮದ್ದು ತುಂಬಿತು. 1696ರ ಸ್ಫೋಟಕ್ಕೆ ಒಂದು ಮಿನಾರು, ಮುಂಭಾಗದ ಒಂದು ಪಾಲು ಹಾರಿಹೋದವು. ಹಾಳು ಮಾಡಿದ್ದು ಕಾಯಿ ಒಡೆಯುವ ಮುದುಕಿಯಲ್ಲ, ಸರ್ಕಾರ.

ನಿಮ್ಮೂರಿನಲ್ಲೇ ನೋಡಿ. ಸೂಫಿ ಸಂತ ಬಂದೇನವಾಜರ ದರ್ಗಾದಲ್ಲಿ ಗುಡಿಸುವವರಿಗೆ, ಸುಣ್ಣ ಬಳಿಯುವವರಿಗೆ ಕೊರತೆಯಿಲ್ಲ. ಹಫ್ತ್ ಗುಂಬಜ್‌ನ ಗೋರಿಗಳಲ್ಲಿ ಬಹಮನಿ ದೊರೆಗಳು ಮಲಗಿದ್ದಾರೆ, ವಿಚಾರಿಸುವವರಿಲ್ಲ.

ಬೀದರಿನ ನೌಬಾದಿನ ಸುರಂಗ ಬಾವಿಯ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ಕರೇಜ್ ಪದ್ಧತಿಯಲ್ಲಿ ನೆಲದೊಳಗೆ ಕಲ್ಲು ಕೊರೆದು ನೀರು ಹರಿಸಿದರು. ಬಗ್ಗಿ ನೀರು ನೋಡುವವರಿದ್ದಷ್ಟು ದಿನ ಸುರಂಗಕ್ಕೆ ಮೇಲಿನಿಂದ ಇಳಿಸಿದ ಗಾಳಿಬಾವಿಗಳಿಗೆ ಕಸ ಸುರಿಯುವ ಧೈರ್ಯ ಯಾರಿಗಿತ್ತು? ನಲ್ಲಿ ಬಂತು, ಬಾವಿ ಮರೆತೆವು. ಕೊನೆಗೆ ಆ ಗಾಳಿಬಾವಿಗಳು ಎಲ್ಲೆಲ್ಲಿದ್ದವೆಂದು ಹುಡುಕಿ ಹೂಳೆತ್ತಬೇಕಾಯಿತು. ಇಂಥದ್ದಕ್ಕೆ ಪತ್ರ ಬರೆಯುವವರು ಕಡಿಮೆ. ಎಂದಾದರೊಮ್ಮೆ ಕೋಟೆಗೆ ಬಣ್ಣದ ದೀಪ ಬಿಟ್ಟು ಉತ್ಸವ ಎಂದರೆ ಮಾತ್ರ ಎಲ್ಲರಿಗೂ ಪರಂಪರೆ ನೆನಪಾಗುತ್ತದೆ.

ಆದ್ದರಿಂದ ಇನ್ನೊಂದು ಅರ್ಜಿ ಬರೆಯಿರಿ. ಚಿತ್ರಗಳ ಮೇಲಿನ ಮಸಿ ತೆಗೆಯಬಲ್ಲ ತಜ್ಞರು ಬೇಕು, ದೀಪ ಹಚ್ಚಲು, ಕಾಯಿ ಒಡೆಯಲು ಹೊರಗೊಂದು ಕಟ್ಟೆ ಬೇಕು ಎಂದು ಕೇಳಿ. ಮಾಡಿಯಾಳದವರ ಸಹಿಯನ್ನೂ ಹಾಕಿಸಿ. ನಾನು ಅದನ್ನು ಮೊದಲ ಪುಟದಲ್ಲೇ ಅಚ್ಚು ಹಾಕುತ್ತೇನೆ.